ಏಳನೇ ಗೋಡೆಯ ಎರಡನೇ ಪುಟ

ಒಬ್ದೂಲಿಯೊ ತೆಸಾಗ್ವಿಕ್ ಸಾನ್ ಬರ್ನಾಬೆಯ ಪುರಸಭೆಗೆ ಸೇರಿದ್ದು ಪ್ರಿಂಟರ್ ರಿಪೇರಿಗೆಂದು. ಹದಿನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆ ಕಟ್ಟಡದಲ್ಲಿ ಕರೆಂಟಿನಿಂದ ನಡೆಯುವ ವಸ್ತುಗಳೆಲ್ಲ ಅವನ ತಲೆಗೇ ಬಿದ್ದಿದ್ದವು. ಜಾಲತಾಣವೂ ಹಾಗೆಯೇ ಬಂದದ್ದು. ಅದನ್ನು ಕಟ್ಟಿಕೊಟ್ಟ ರಾಜಧಾನಿಯ ಕಂಪನಿ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಉಳಿದದ್ದು ಪಾಸ್‌ವರ್ಡ್ ಬರೆದ ಒಂದು ಚೀಟಿ, ಯಾರೂ ವಿವರಿಸದ ಮುನ್ನೂರು ಕಡತ. ಒಬ್ದೂಲಿಯೊ ಒಂದೊಂದನ್ನೇ ತೆರೆದು, ಕೆಡಿಸಿ, ಮತ್ತೆ ಸರಿಮಾಡಿ ಕೆಲಸ ಕಲಿತ. ಈಗ ನಲವತ್ತೊಂದರ ವಯಸ್ಸಿಗೆ ಊರವರು ಅವನನ್ನು ಎಂಜಿನಿಯರ್ ಎನ್ನುತ್ತಿದ್ದರು. ಅವನು ಅಲ್ಲ ಎನ್ನುತ್ತಿರಲಿಲ್ಲ.

ಆ ವರ್ಷ ಸ್ಮಶಾನದ ಹಿಂದಿನ ಕಂದರ ಕುಸಿಯತೊಡಗಿತು. ಶವಗಳನ್ನಿಟ್ಟು ಮುಚ್ಚುವ ಗೋಡೆಗಳ ಪೈಕಿ ಅಂಚಿನಲ್ಲಿದ್ದ ಏಳನೆಯದರಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿತು. ಆ ಗೋಡೆಯಲ್ಲಿ ಎಪ್ಪತ್ತೊಂದು ಗೂಡುಗಳು. ಒಂದೊಂದರಲ್ಲೂ ಒಬ್ಬರು, ಕೆಲವುಗಳಲ್ಲಿ ಇಬ್ಬರು, ಗಾರೆಯ ಹಿಂದೆ ಮಲಗಿದ್ದರು. ಗೋಡೆಯನ್ನು ಖಾಲಿ ಮಾಡಬೇಕೆಂದು ಪುರಸಭೆ ಠರಾವು ಮಾಡಿತು. ಮನೆಯವರು ಆಗಸ್ಟ್ ಮುಗಿಯುವುದರೊಳಗೆ ಬಂದು ಸಹಿ ಹಾಕಿದರೆ ಅಸ್ಥಿಯನ್ನು ಹೊಸ ಗೋಡೆಗೆ ಸಾಗಿಸಿಕೊಳ್ಳಬಹುದು. ಯಾರೂ ಬಾರದಿದ್ದರೆ ಸಾಮೂಹಿಕ ಗುಂಡಿ.

ಏಪ್ರಿಲ್‌ನಲ್ಲಿ ಪಟ್ಟಿಯನ್ನು ಜಾಲತಾಣಕ್ಕೆ ಏರಿಸಿದವನು ಒಬ್ದೂಲಿಯೊ. ಪುಟಕ್ಕೆ ಇಪ್ಪತ್ತು ಹೆಸರು, ಅಡಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂಬ ಕೊಂಡಿಗಳು. ಏರಿಸಿದ ಮೇಲೆ ಎರಡನ್ನು ಒತ್ತಿ ನೋಡಿದ. ಪುಟ ತುಂಬ ಹೆಸರು ಬಂತು. ಮೂರನ್ನು ಒತ್ತಿದ. ಬಂತು. ಸರಿ ಎಂದುಕೊಂಡು ಊಟಕ್ಕೆ ಹೋದ.

ಆಗಸ್ಟ್ ಮುಗಿದಾಗ ಸಹಿ ಹಾಕಿದ್ದವರು ಇಪ್ಪತ್ತೈದು ಮನೆಯವರು. ಪುರಸಭೆಯ ಕಾರ್ಯದರ್ಶಿ ಅಮಿಲ್ಕಾರ್ ರೊಸಾಲ್ ಕಾಫಿ ಹೀರುತ್ತ, "ನೋಡಯ್ಯಾ, ಸತ್ತ ದಿನ ಎದೆ ಬಡ್ಕೊಂಡು ಅಳ್ತಾರೆ. ಹತ್ತು ವರ್ಷ ಆಗ್ಲಿ, ಎಲುಬು ಎಲ್ಲಿದೆ ಅಂತ ಕೇಳೋಕೂ ಬರಲ್ಲ," ಎಂದಿದ್ದ. ಒಬ್ದೂಲಿಯೊ ಹೌದು ಸಾರ್ ಎಂದಿದ್ದ. ಸೆಪ್ಟೆಂಬರಿನಲ್ಲಿ ಉಳಿದ ನಲವತ್ತಾರು ಗೂಡುಗಳನ್ನು ಒಡೆದು ತೆಗೆದರು.

ಅಕ್ಟೋಬರ್ ಕೊನೆಯ ವಾರ, ಸತ್ತವರ ಹಬ್ಬಕ್ಕೆ ಮುಂಚೆ ಗೂಡು ತೊಳೆದು ಬಣ್ಣ ಬಳಿಯಲು ಜನ ಬರುವ ಹೊತ್ತಿಗೆ, ಊರವರು ಗೌರವದಿಂದ ದೊನ್ಯಾ ಎನ್ನುವ ಫೆರ್ಮೀನಾ ಬಂದಳು. ಮೇಲಿನ ಹಳ್ಳಿಯವಳು, ಎಪ್ಪತ್ತು ದಾಟಿದವಳು. ಕೈಯಲ್ಲಿ ತಿಳಿನೀಲಿ ಬಣ್ಣದ ಡಬ್ಬಿ, ಕಂಕುಳಲ್ಲಿ ಪೊರಕೆ. ಸ್ಮಶಾನದಿಂದ ನೇರ ಪುರಸಭೆಗೆ ನಡೆದಿದ್ದಳು. ಕಾರ್ಯದರ್ಶಿಯ ಕೋಣೆಯವರು ಅವಳನ್ನು ಪಟ್ಟಿ ಹಾಕಿದವನ ಹತ್ತಿರ ಹೋಗು ಎಂದು ಕೆಳಗೆ ಅಟ್ಟಿದ್ದರು.

"ನನ್ನ ಮಗಳ ಗೂಡು ತೂತಾಗೈತೆ," ಎಂದಳು ಬಾಗಿಲಲ್ಲೇ ನಿಂತು. "ಒಳಗೇನೂ ಇಲ್ಲ."

ಒಬ್ದೂಲಿಯೊ ಕುರ್ಚಿ ಸರಿಸಿ ಕೂರಿಸಿದ. ಮಗಳ ಹೆಸರು ಇಮೆಲ್ದಾ ಸಿಕಾಹಾವ್. ಇಪ್ಪತ್ತೆರಡು ವರ್ಷದ ಹಿಂದೆ ಹೆರಿಗೆಯಲ್ಲಿ ಹೋದವಳು, ಮಗುವನ್ನೂ ಅವಳ ಎದೆಯ ಮೇಲೇ ಇಟ್ಟು ಗೂಡು ಮುಚ್ಚಿದ್ದರು.

"ದೊನ್ಯಾ, ಏಪ್ರಿಲ್‌ನಲ್ಲೇ ಪಟ್ಟಿ ಹಾಕಿದ್ವಲ್ಲ. ನಿಮ್ಗೆ ಯಾರೂ ಹೇಳ್ಲಿಲ್ವಾ?"

"ಹೇಳದೇ ಏನು? ನಾನೇ ಮೂರು ಸಲ ನೋಡ್ಸಿದೀನಪ್ಪ. ನಂಗೆ ಓದಕ್ಕೆ ಬರಲ್ಲ. ಬಸ್ ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಅಂಗಡಿ ಹುಡುಗಿ ಐತಲ್ಲ, ಅದು ಓದಿ ಹೇಳ್ತು. ಒಂದು, ಎರಡು, ಮೂರು, ನಾಲ್ಕು, ನಾಲ್ಕೂ ಒತ್ತಿ ಒಂದೊಂದೇ ಹೆಸರು ಓದ್ತು. ನಮ್ಮ ಹುಡುಗಿ ಇರ್ಲಿಲ್ಲ. ಪಟ್ಟೀಲಿ ಇದ್ದೋರನ್ನ ಮಾತ್ರ ತೆಗೀತಾರೆ ಅಂದಿದ್ರು. ಸದ್ಯ, ಅವಳನ್ನ ಯಾರೂ ಎಬ್ಬಿಸಲ್ಲ ಅಂತ ಮೇಣದಬತ್ತಿ ಹಚ್ಚಿ ಮನೆಗೆ ಹೋದೆ."

"ಇರ್ಲೇಬೇಕು ದೊನ್ಯಾ. ಪಟ್ಟಿ ಹಾಕಿದ್ದು ನಾನೇ. ಆ ಹುಡುಗಿ ಬಿಟ್ಟು ಓದಿರ್ಬೇಕು."

ಮುದುಕಿ ಅವನನ್ನು ದಿಟ್ಟಿಸಿದಳು. "ಆ ಹುಡುಗಿ ಮೇಲೆ ಹಾಕ್ಬೇಡ. ನಂಗೆ ಓದಕ್ಕೆ ಬರಲ್ಲ, ಕೇಳಿದ್ದು ಮರೆಯಲ್ಲ. ಎರಡನೇದು ಒತ್ತಿದಾಗ ಎವಾರಿಸ್ತೊ ಚೋಕ್ ಅಂತ ಬಂತು. ನಮ್ಮೂರಲ್ಲಿ ಮರಿಂಬಾ ಬಾರಿಸ್ತಿದ್ದೋನು. ಅವನನ್ನ ಇಟ್ಟಿದ್ದು ಬಾಗಿಲ ಹತ್ರದ ಗೋಡೇಲಲ್ವಾ, ನಾನೇ ಹೋಗಿದ್ನಲ್ಲ, ಈ ಗೋಡೆಗೆ ಯಾವಾಗ ಬಂದ ಅಂದ್ಕೊಂಡೆ. ಒಂದೇ ಹೆಸರಿನೋರು ಇಬ್ರಿರ್ಬೋದು ಅಂತ ಸುಮ್ಮನಾದೆ."

ಬಾಗಿಲ ಹತ್ತಿರದ ಗೋಡೆ ಎಂದರೆ ಎರಡನೇ ಗೋಡೆ.

ಒಬ್ದೂಲಿಯೊ ಕಂಪ್ಯೂಟರಿನ ಕಡೆ ತಿರುಗಿದ. ಏಳನೇ ಗೋಡೆಯ ಪಟ್ಟಿ ತೆರೆದ. ಅಡಿಯ ಎರಡನ್ನು ಒತ್ತಿದ. ಪುಟ ತುಂಬ ಹೆಸರು ಬಂತು. ಏಪ್ರಿಲ್‌ನಲ್ಲಿ ನೋಡಿದ್ದೂ ಇದೇ ಪುಟ. ಈ ಸಲ ಹೆಸರುಗಳನ್ನು ಓದಿದ. ಆರನೆಯ ಸಾಲು: ಚೋಕ್, ಎವಾರಿಸ್ತೊ. ಪರದೆಯ ಮೇಲ್ತುದಿಯಲ್ಲಿ ಪುಟದ ವಿಳಾಸದಲ್ಲಿ 'ಗೋಡೆ' ಎಂದಿತ್ತು, ಅದರ ಮುಂದೆ ಬರೀ ಎರಡು.

ಕೊಂಡಿ ಕೊಟ್ಟದ್ದು ಪುಟದ ಸಂಖ್ಯೆಯನ್ನು. ಯಾವ ವಿಳಾಸಕ್ಕೆ ಯಾವ ಪುಟ ಎಂದು ತೀರ್ಮಾನಿಸುವ ಜಾಲತಾಣದ ನಿಯಮ ಅದನ್ನು ಗೋಡೆಯ ಸಂಖ್ಯೆ ಎಂದು ಓದಿಕೊಂಡಿತ್ತು. ಎರಡು ಒತ್ತಿದವರಿಗೆ ಎರಡನೇ ಗೋಡೆಯ ಸತ್ತವರು, ಮೂರು ಒತ್ತಿದವರಿಗೆ ಮೂರನೆಯದರವರು. ಎಲ್ಲ ಪುಟಕ್ಕೂ ಮೇಲೆ 'ಪಟ್ಟಿ' ಎಂಬ ಒಂದೇ ತಲೆಬರಹ. ಹೆಸರು ಹುಡುಕುತ್ತ ಬಂದವರೆಲ್ಲ ಬೇರೆಯವರ ಹೆಸರು ಓದಿ, ನಮ್ಮವರಿಲ್ಲ ಎಂದು ನೆಮ್ಮದಿಯಿಂದ ಹೋಗಿದ್ದರು.

"ಸಿಕ್ತಾ?" ಎಂದಳು ಮುದುಕಿ.

"ದೊನ್ಯಾ..." ಅವನು ಪರದೆಯಿಂದ ಅವಳ ಕಡೆ ತಿರುಗಿದ. "ಹುಡುಗಿ ಸರಿಯಾಗೇ ಓದಿದ್ದಾಳೆ. ತಪ್ಪು ನಮ್ದು. ನಂದು."

ಅವಳು ಬೈಯಲಿಲ್ಲ. "ಹಂಗಾದ್ರೆ ನನ್ನ ಮಗಳನ್ನ ಎಲ್ಲಿಟ್ಟಿದೀರಿ, ತೋರ್ಸು," ಎಂದಳು.

ಇಬ್ಬರೂ ಸ್ಮಶಾನಕ್ಕೆ ನಡೆದರು. ಬಣ್ಣದ ಡಬ್ಬಿಯನ್ನು ಹಿಡಿದುಕೊಳ್ಳುತ್ತೇನೆಂದರೂ ಅವಳು ಕೊಡಲಿಲ್ಲ. ಕಾವಲುಗಾರ ಚೂಸ್ ಅವರನ್ನು ಹಿಂಬದಿಗೆ ಕರೆದೊಯ್ದು ಸಾಮೂಹಿಕ ಗುಂಡಿಯ ಮೇಲೆ ಹಾಕಿದ್ದ ಹೊಸ ಸಿಮೆಂಟಿನ ಚಪ್ಪಡಿಯನ್ನು ತೋರಿಸಿದ.

"ಎಲುಬಿನ ಚೀಲಗಳಿಗೆ ಹೆಸರು ಬರ್ದಿದ್ರಲ್ಲ?" ಒಬ್ದೂಲಿಯೊ ಕೇಳಿದ.

"ಬರ್ದಿದ್ವಿ ಮಾರಾಯಾ, ಸ್ಕೆಚ್ ಪೆನ್ನಲ್ಲಿ. ಎರಡು ವಾರ ಷೆಡ್ಡಿನ ಹೊರಗೆ ಬಿದ್ದಿದ್ವು. ಆ ಮಳೆ ಹೆಂಗಿತ್ತು ನೋಡಿದ್ಯಲ್ಲ? ಅಕ್ಷರ ಎಲ್ಲ ತೊಳ್ದೋಯ್ತು, ಚೀಲಾನೂ ಹರಿದ್ವು. ಹಂಗೇ ಸುರುವಿ ಸುಣ್ಣ ಹಾಕಿ ಮುಚ್ಚಿ ಅಂತ ಆರ್ಡರ್ ಬಂತು." ಮುದುಕಿಯ ಮುಖ ನೋಡಿ ಚೂಸ್ ಟೋಪಿ ತೆಗೆದ. "ನಾನು ಆರ್ಡರ್ ಮಾಡಿದ್ದಲ್ಲಮ್ಮ."

ಫೆರ್ಮೀನಾ ಚಪ್ಪಡಿಯ ಸುತ್ತ ಒಂದು ಸುತ್ತು ನಡೆದಳು. "ಅವಳ ಕೂಸು ಇಷ್ಟೇ ಇಷ್ಟಿತ್ತು," ಎಂದು ಅಂಗೈ ಅಗಲಿಸಿ ತೋರಿಸಿದಳು, ಯಾರಿಗೆಂದಿಲ್ಲ. ಪೊರಕೆಯಿಂದ ಚಪ್ಪಡಿಯ ಮೇಲಿನ ಮಣ್ಣು ಗುಡಿಸಿದಳು. ಆಮೇಲೆ ಮೂರು ಗಂಟೆಯ ಬಸ್ಸಿಗೆ ಹೊರಟುಹೋದಳು.

ಒಬ್ದೂಲಿಯೊ ಕಚೇರಿಗೆ ಮರಳಿ ಕೆಲಸಕ್ಕೆ ಕೂತ. ಯಾಕೆ ಕೂತೆ ಎಂದು ಅವನೇ ಕೇಳಿಕೊಂಡ. ಕೈ ಮಾತ್ರ ನಿಲ್ಲಲಿಲ್ಲ. ಮೊದಲು ಕೊಂಡಿಗೆ ಗೋಡೆಯ ಸಂಖ್ಯೆಯನ್ನೂ ಸೇರಿಸಿದ: ಗೋಡೆ, ಏಳು, ಎರಡು. ಒತ್ತಿದ. ಈ ಸಲ ಪಟ್ಟಿಯೇ ಬರಲಿಲ್ಲ. ಏಳನೇ ಗೋಡೆಯ ಎರಡನೇ ಗೂಡಿನ ವಿವರ ಬಂತು. ಗೋಡೆಯ ಸಂಖ್ಯೆಯ ಮುಂದೆ ಯಾವ ಸಂಖ್ಯೆ ಬಂದರೂ ಅದು ಗೂಡಿನದೇ ಎನ್ನುವ ನಿಯಮ ಎಲ್ಲಕ್ಕೂ ಮೇಲೆ ಕೂತಿತ್ತು, ಕೆಳಗಿನ ನಿಯಮಗಳಿಗೆ ಸರದಿಯೇ ಬರುತ್ತಿರಲಿಲ್ಲ. ಅವನು ಹೊಸದೊಂದು ನಿಯಮ ಬರೆದ: ಗೋಡೆ, ಅದರ ಸಂಖ್ಯೆ, ಆಮೇಲೆ 'ಪುಟ' ಎಂಬ ಪದ, ಆಮೇಲೆ ಪುಟದ ಸಂಖ್ಯೆ. ಅದನ್ನು ಹಳೆಯದರ ಮೇಲೆ ಇಟ್ಟ. ತಲೆಬರಹಕ್ಕೆ ಯಾವ ಗೋಡೆ, ಎಷ್ಟನೇ ಪುಟ ಎಂದು ಸೇರಿಸಿದ. ಒತ್ತಿದ. ಈ ಸಲ ಎರಡನೇ ಪುಟದಲ್ಲಿ ಏಳನೇ ಗೋಡೆಯವರು ಇದ್ದರು. ನಾಲ್ಕನೆಯದರಲ್ಲಿ ಇಮೆಲ್ದಾ ಇದ್ದಳು. ಹೆಸರಿನ ಎದುರು, 'ತೆರವುಗೊಳಿಸಲಾಗಿದೆ'.

ಅವನು ಬರೆದದ್ದು ಎಲ್ಲ ಸೇರಿ ಏಳು ಸಾಲು. ಏಪ್ರಿಲ್‌ನಲ್ಲಿ ಆಗಿದ್ದರೂ ಇಷ್ಟೇ ಸಾಲು.

ಆಮೇಲೆ ಸಹಿ ಪುಸ್ತಕ ತರಿಸಿ ಪಟ್ಟಿಯ ಜೊತೆ ಹೊಂದಿಸಿ ನೋಡಿದ. ಮೊದಲ ಪುಟದ ಇಪ್ಪತ್ತು ಹೆಸರಿನಲ್ಲಿ ಹದಿನೆಂಟಕ್ಕೆ ಮನೆಯವರು ಬಂದಿದ್ದರು. ಉಳಿದ ಮೂರು ಪುಟದ ಐವತ್ತೊಂದರಲ್ಲಿ ಏಳಕ್ಕೆ ಮಾತ್ರ, ನಲವತ್ತನಾಲ್ಕಕ್ಕೆ ಯಾರೂ ಬಂದಿರಲಿಲ್ಲ. ಸಾನ್ ಬರ್ನಾಬೆಯ ಜನ ಸತ್ತವರನ್ನು ಮರೆಯುವವರಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟ.

ರೊಸಾಲ್ ಕನ್ನಡಕ ಹಾಕಿಕೊಂಡು ಓದಿ, ಕನ್ನಡಕ ತೆಗೆದ. "ಗೇಟಿಗೆ ಪಟ್ಟಿ ಅಂಟಿಸಿದ್ವಿ ತಾನೇ?"

"ಮೇ ತಿಂಗಳ ಮೊದಲ ಮಳೆಗೇ ಅದು ಹೋಯ್ತು ಸಾರ್."

"ಅಂಟಿಸಿದ್ವಾ ಇಲ್ವಾ, ಅಷ್ಟು ಹೇಳು. ಅಂಟಿಸಿದ್ವಿ. ಕಾಯ್ದೆಗೆ ಅದು ಸಾಕು. ಈ ಆರು ತಿಂಗಳಲ್ಲಿ ಒಬ್ಬರಾದ್ರೂ ದೂರು ಕೊಟ್ರಾ?"

"ದೂರು ಹೇಗೆ ಕೊಡ್ತಾರೆ ಸಾರ್? ಅವ್ರಿಗೆ ಎಲ್ಲ ಸರಿ ಇದ್ದ ಹಾಗೇ ಕಂಡಿದೆ."

"ಮತ್ತೆ ನಿನಗ್ಯಾಕೆ ಉಸಾಬರಿ? ಸರಿಮಾಡ್ದೆ ತಾನೇ? ಮುಗೀತು."

"ನಲವತ್ತನಾಲ್ಕು ಮನೆಯವ್ರಿಗೆ ನಾವೇ ಹೇಳ್ಬೇಕು ಸಾರ್. ಒಂದು ಪ್ರಕಟಣೆ ಆದ್ರೂ..."

"ಹೇಳಿ? ಹೇಳಿದ್ರೆ ಎಲುಬು ಎದ್ದು ಬರ್ತಾವಾ?" ರೊಸಾಲ್ ದನಿ ಏರಿಸಲಿಲ್ಲ. ಒಳ್ಳೆಯ ಮನುಷ್ಯನೆಂದೇ ಹೆಸರಾದವನು. "ಒಬ್ದೂಲಿಯೊ, ನಿಂಗೂ ಹೆಂಡ್ತಿ ಮಕ್ಕಳಿದ್ದಾರೆ. ಗೋಡೇನೇ ಖಾಲಿ ಆದ್ಮೇಲೆ ಪಟ್ಟಿ ಯಾಕೆ ಬೇಕು? ಹಬ್ಬ ಮುಗಿಯೋತನಕ ಇರ್ಲಿ, ಸೋಮವಾರ ಆ ಪುಟ ತೆಗೆದು ಬಿಡು. ಇಲ್ಲದ ಪುಟದಲ್ಲಿ ತಪ್ಪೂ ಇರಲ್ಲ."

ಒಬ್ದೂಲಿಯೊ ಹಾಳೆ ಎತ್ತಿಕೊಂಡು ಹೊರಗೆ ಬಂದ. ಹೌದು ಸಾರ್ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ನವೆಂಬರ್ ಒಂದರಂದು ಊರೆಲ್ಲ ಸ್ಮಶಾನದಲ್ಲಿತ್ತು. ಮಕ್ಕಳು ಗೋರಿಗಳ ಮೇಲೆ ಹತ್ತಿ ಗಾಳಿಪಟ ಬಿಡುತ್ತಿದ್ದರು, ದಾರಿಯ ತುಂಬ ಪೈನ್ ಎಲೆ ಹಾಸಿತ್ತು, ಚೆಂಡುಹೂವಿನ ಘಾಟು. ಒಬ್ದೂಲಿಯೊ ಬೆಳಿಗ್ಗೆ ಏಳಕ್ಕೇ ಏಳನೇ ಗೋಡೆಯ ಮುಂದೆ, ಅಡ್ಡ ಕಟ್ಟಿದ್ದ ಹಗ್ಗದ ಹತ್ತಿರ ಹೋಗಿ ನಿಂತಿದ್ದ. ಕೈಯಲ್ಲಿ ನಾಲ್ಕು ಪುಟದ ಪಟ್ಟಿ. ಅವನನ್ನು ಯಾರೂ ಕಳಿಸಿರಲಿಲ್ಲ.

ಬಂದವರು ಮೊದಲು ದಾರಿ ತಪ್ಪಿತೆಂದುಕೊಳ್ಳುತ್ತಿದ್ದರು. ಪಕ್ಕದ ಗೋಡೆ ನೋಡಿ, ಎಣಿಸಿ, ಮತ್ತೆ ಈ ಗೋಡೆಯ ಕಪ್ಪು ತೂತುಗಳನ್ನು ನೋಡುತ್ತಿದ್ದರು. ಆಗ ಅವನು ಹತ್ತಿರ ಹೋಗಿ ಹೆಸರು ಕೇಳುತ್ತಿದ್ದ. ಮೊದಲ ಇಬ್ಬರಿಗೆ ಕೊಂಡಿ, ಪುಟ, ಗೋಡೆಯ ಸಂಖ್ಯೆ ಎಲ್ಲ ವಿವರಿಸಿದ. ಅವರಿಗೆ ಅರ್ಥವಾಗಲಿಲ್ಲ, ಅರ್ಥವಾಗಿ ಆಗಬೇಕಾದದ್ದೂ ಏನಿರಲಿಲ್ಲ. ಮೂರನೆಯವರಿಂದ ಮುಂದಕ್ಕೆ, "ಪಟ್ಟಿಯಲ್ಲಿ ನಿಮ್ಗೆ ತಪ್ಪು ಪುಟ ತೋರಿಸ್ತು, ಅದನ್ನ ನಾನು ನೋಡ್ಲಿಲ್ಲ," ಎಂದಷ್ಟೇ ಹೇಳಿದ. ಅಣ್ಣನ ಗೂಡಿಗೆ ಹೂಮಾಲೆ ತಂದಿದ್ದ ಲಾರಿ ಚಾಲಕನೊಬ್ಬ ಅವನ ಕೆನ್ನೆಗೆ ಬಾರಿಸಿದ. ಚೂಸ್ ಓಡಿ ಬಂದು ಹಿಡಿದುಕೊಂಡ. ಒಬ್ದೂಲಿಯೊ, "ಬಿಡೋ ಅವನನ್ನ," ಎಂದ. ಚಾಲಕ ಅಲ್ಲೇ ನೆಲಕ್ಕೆ ಕುಸಿದು ಅತ್ತ. ಹೊಡೆತಕ್ಕಿಂತ ಅದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು.

ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದು ಮನೆಯವರಿಗೆ ಹೇಳಿ ಮುಗಿದಿತ್ತು. ಉಳಿದ ಹದಿಮೂರು ಮನೆಯವರು ಬರಲಿಲ್ಲ. ಊರು ಬಿಟ್ಟಿದ್ದರೋ, ಗಡಿ ದಾಟಿ ಉತ್ತರಕ್ಕೆ ಹೋಗಿದ್ದರೋ, ಅವರೂ ಸತ್ತಿದ್ದರೋ ಅವನಿಗೆ ತಿಳಿಯಲಿಲ್ಲ. ಬಂದವರೆಲ್ಲ ತಂದ ಹೂವನ್ನು ಸಿಮೆಂಟಿನ ಚಪ್ಪಡಿಯ ಮೇಲೆ ಸುರಿದಿದ್ದರು. ಯಾರ ಹೂವು ಯಾರಿಗೆಂದು ಗೊತ್ತಾಗುವಂತಿರಲಿಲ್ಲ.

ಫೆರ್ಮೀನಾ ಅದರ ಪಕ್ಕ ನೆಲದ ಮೇಲೆ ಕೂತಿದ್ದಳು. ಅವನೂ ಹೋಗಿ ಕೂತ. ಅವಳು ಬಟ್ಟೆಯ ಗಂಟು ಬಿಚ್ಚಿ ಎಲೆಯಲ್ಲಿ ಕಟ್ಟಿ ಬೇಯಿಸಿದ ಮೆಕ್ಕೆಜೋಳದ ಕಡುಬು, ತಮಾಲೆ ಒಂದನ್ನು ಕೊಟ್ಟಳು. "ತಿನ್ನು. ಬೆಳಿಗ್ಗೆಯಿಂದ ನಿಂತಿದೀಯ ಅಂತೆ." ಅವನು ಎಲೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

"ಆ ಕಂಪ್ಯೂಟರಿಂದು ಸರಿಹೋಯ್ತಾ ಮಗಾ?"

"ಹೋಯ್ತು ದೊನ್ಯಾ."

"ಈಗ ನಾಲ್ಕು ಒತ್ತಿದ್ರೆ ನಮ್ಮ ಹುಡುಗಿ ಬರ್ತಾಳಾ?"

"ಬರ್ತಾಳೆ."

"ತೋರ್ಸು."

ಅವನು ಫೋನಿನಲ್ಲಿ ಪಟ್ಟಿ ತೆರೆದು ನಾಲ್ಕನ್ನು ಒತ್ತಿದ. ಪುಟ ಬಂತು. ಇದೇ ಸಾಲು ಎಂದು ಬೆರಳಿಟ್ಟು ತೋರಿಸಿದ. ಮುದುಕಿ ತಲೆ ಬಗ್ಗಿಸಿ ನೋಡಿದಳು. ಅವಳಿಗೆ ಅಕ್ಷರಗಳು ಅಕ್ಷರಗಳಾಗಿ ಕಾಣಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು. ಆಮೇಲೆ ಸವರಲೆಂದು ಹೆಬ್ಬೆರಳು ಮುಟ್ಟಿಸಿದಳು. ಮುಟ್ಟಿದ ಕೂಡಲೇ ಪುಟ ಸರಿದು ಹೆಸರು ಮೇಲಕ್ಕೆ ಹಾರಿಹೋಯಿತು. ಅವಳು ಬೆಚ್ಚಿ ಕೈ ಹಿಂತೆಗೆದಳು.

ಒಬ್ದೂಲಿಯೊ ಮತ್ತೆ ಅದನ್ನು ಕೆಳಗೆ ಎಳೆದು ತಂದ. "ಇಲ್ಲೇ ಇದಾಳೆ ದೊನ್ಯಾ. ಹೋಗಿಲ್ಲ."

ಅವಳು ಮತ್ತೆ ಮುಟ್ಟಲಿಲ್ಲ. "ಎಲ್ಲೀತನಕ ಇರ್ತಾಳೆ ಇಲ್ಲಿ?" ಎಂದು ಕೇಳಿದಳು.

ಅವನು ಚಪ್ಪಡಿಯ ಕಡೆ ನೋಡುತ್ತ, "ಸೋಮವಾರದ ತನಕ," ಎಂದ.