ಒಗೆದ ನಕಾಶೆ

ರಮಾಕಾಂತ ಯಾರ ತಂಟೆಗೂ ಹೋದವನಲ್ಲ. ಧಾರವಾಡದ ಮೋಜಣಿ ಕಚೇರಿಯಲ್ಲಿ ನಕಾಶೆ ಬರೆಯುವುದು, ಮನೆಗೆ ಬಂದು ಉಂಡು ಮಲಗುವುದು, ಇಷ್ಟೇ. ನಲವತ್ತೆರಡರ ಚಳವಳಿಯ ಆ ಶ್ರಾವಣದಲ್ಲಿ ಖಾದಿ ಟೋಪಿ ಎದುರಿಗೆ ಬಂದರೆ ಓಣಿಯನ್ನೇ ಬದಲಿಸುತ್ತಿದ್ದ. ಹೆಂಡತಿಯ ತಮ್ಮ ಬಾಳಕೃಷ್ಣ ತಂತಿ ಕತ್ತರಿಸಿ ಫರಾರಿಯಾದ ಮೇಲಂತೂ ಮನೆಯಲ್ಲಿ ಅವನ ಹೆಸರೆತ್ತಲೂ ಬಿಡುತ್ತಿರಲಿಲ್ಲ.

ಅಂಥವನ ಬಾಗಿಲಿಗೆ ಬೆಳಿಗ್ಗೆಯೇ ಪೋಲೀಸ ಮುರುಗೆಪ್ಪ ಬಂದು ನಿಂತ.

"ಘಟ್ಟದ ಬುಡದ ಬೇಡ್ತಿ ಹೊಳಿ ನಕಾಶಿ ನಿಮ್ಮ ಮನ್ಯಾಗ ಐತಂತಲ್ರಿ. ಲಗೂ ಕೊಡ್ರಿ. ಫೌಜದಾರ್ರು ಮಧ್ಯಾಹ್ನ ಕಾಡಿಗೆ ಹೊಂಟಾರ."

ರಮಾಕಾಂತ ತಲೆಯಾಡಿಸಿದ. ಮುಗಿಸಲೆಂದು ಮನೆಗೆ ತಂದಿದ್ದು ನಿಜ. ತುಂಬಿದ ಹೊಳೆಯನ್ನೂ ದಾಟಬಹುದಾದ ಬಂಡೆಸಾಲು ಅದೊಂದು ನಕಾಶೆಯಲ್ಲೇ ಇತ್ತು. ಬೇಸಿಗೆಯಲ್ಲಿ ತಾನೇ ನಡೆದು ಗುರುತಿಸಿದ್ದ. ಒಳಗೆ ಹೋಗಿ ಪೆಟ್ಟಿಗೆ ತೆರೆದರೆ ನಕಾಶೆ ಇಲ್ಲ.

ಹಿತ್ತಲ ಹಗ್ಗದ ಮೇಲೆ ತೆಳು ಬಿಳಿ ಅರಿವೆಯೊಂದು ನೀರು ಸೋರಿಸುತ್ತಿತ್ತು. ನಕಾಶೆ ಬರೆಯುವುದು ಗಂಜಿ ಹಾಕಿದ ಬಟ್ಟೆಯ ಮೇಲೆ. ಬಿಸಿನೀರಲ್ಲಿ ಒಗೆದರೆ ಗಂಜಿಯ ಜೊತೆ ಶಾಯಿಯೂ ಹೋಗಿ ಮಲಮಲ್ಲು ಉಳಿಯುತ್ತದೆ. ಕಚೇರಿಯವರ ಕೂಸುಗಳೆಲ್ಲ ಅದರ ಕುಂಚಿಗೆಯಲ್ಲೇ ಬೆಳೆದವು. ಆದರೆ ಒಗೆಯುವುದು ರದ್ದಾದದ್ದನ್ನು, ಕೆಂಪು ಕಾಟು ಹೊಡೆದದ್ದನ್ನು. ಇದಕ್ಕೆ ಕಾಟು ಇರಲಿಲ್ಲ. ಹೆಂಡತಿ ಕಾಶೀಬಾಯಿಗೆ ಅದು ಗೊತ್ತಿಲ್ಲದ್ದೇನಲ್ಲ.

"ಯಾಕ ಒಗದಿ?" ಅವಳನ್ನು ದನಿ ತಗ್ಗಿಸಿ ಕೇಳಿದ.

"ಬಾಳೂ ಆ ಹೊಳಿ ಆಚಿಗೆ ಇದ್ದಾನ್ರಿ," ಎಂದಳು. "ಪೋಲೀಸರು ನಕಾಶಿ ಕೇಳ್ಯಾರಂತ ನಿನ್ನೆ ನೀವ ಅಂದ್ರಿ."

ರಮಾಕಾಂತನ ಸಿಟ್ಟು ನೆತ್ತಿಗೇರಿತು. ನೌಕರಿ, ಮನೆ, ಮರ್ಯಾದೆ ಎಲ್ಲ ಒಂದೇ ಒಗೆತಕ್ಕೆ ಹೋಯಿತು! ಆದರೂ ಒದ್ದೆ ಅರಿವೆ ಹಿಡಿದು ಹೊರಗೆ ಬಂದಾಗ ಬಾಯಿಂದ ಬೇರೆಯೇ ಮಾತು ಬಂತು.

"ರದ್ದಾಗಿದ್ದಂತ ತಿಳದು ನಾನ ಒಗೀಲಿಕ್ಕೆ ಹಾಕಿದೆ."

ಮುರುಗೆಪ್ಪ ಅರಿವೆಯನ್ನು ನೋಡಿದ, ಅವನ ಮುಖವನ್ನು ನೋಡಿದ. "ಇರ್ಲಿ ಬಿಡ್ರಿ. ಅಲ್ಲಿ ನಡದಾಡಿದವ್ರು ನೀವ ಅಲ್ರಿ? ಬರ್ರಿ, ಫೌಜದಾರ್ರ ಮುಂದ ಕುಂತು ಮತ್ತ ಬರೀರಂತ. ನೆನಪಾಗೂ ತನಕ ಅವ್ರು ಬಿಡಾಂಗಿಲ್ಲ."

ಕಾಶೀಬಾಯಿ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಬಟ್ಟೆಯನ್ನೇನೋ ಒಗೆದಳು, ಗಂಡನ ತಲೆಯೊಳಗಿದ್ದುದಕ್ಕೆ ಏನು ಮಾಡಿಯಾಳು? ಅವನೆಂಥ ಪುಕ್ಕಲನೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಕಣ್ಣಲ್ಲಿ ಆ ಅಪನಂಬಿಕೆ ಕಂಡು ರಮಾಕಾಂತನಿಗೆ ನಾಚಿಕೆಯಾಯಿತು.

ಕೋಟು ತೊಟ್ಟ. ಟೋಪಿ ಇಟ್ಟುಕೊಂಡ. ಕೂಸಿನ ಕೆನ್ನೆ ಮುಟ್ಟಿದ.

"ನನಗ ಲಗೂ ನೆನಪಾಗೂದಿಲ್ಲ. ಊಟಕ್ಕ ನನ್ನ ದಾರಿ ನೋಡಬ್ಯಾಡ," ಎಂದ. "ನಾಳಿಗೂ ಬ್ಯಾಡ."