ಇಲ್ಲದ ಕಲ್ಲಿನ ಸಾಕ್ಷಿ

ತುಂಗಾತೀರ ವಿದ್ಯಾಪೀಠದಲ್ಲಿ ಅಚ್ಚಿನ ಬಳಗ ಎಂದೊಂದಿತ್ತು. ಇದೆ ಎಂದು ಎಲ್ಲರಿಗೂ ಗೊತ್ತು, ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಶಾಸನದ ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ಅಕ್ಷರ ಎತ್ತಿಕೊಳ್ಳುವುದಕ್ಕೆ ಅಚ್ಚು ತೆಗೆಯುವುದು ಎನ್ನುತ್ತಾರೆ. ಆ ಬಳಗ ಸೇರಿದವರಿಗೆ ಫೆಲೋಶಿಪ್ಪು, ನೌಕರಿ, ಸನ್ಮಾನ ಎಲ್ಲ ತಾವಾಗಿ ಮನೆ ಹುಡುಕಿಕೊಂಡು ಬರುತ್ತಿದ್ದವು. ಹೇಗೆ ಎಂದು ಕೇಳುವ ಉಸಾಬರಿ ಯಾರಿಗೆ ಬೇಕು? ಮೆಟ್ರಿ ಹಳ್ಳಿಯ ತುಳಸಿ ಎಂ.ಎ.ಗೆ ಸೇರಿದ ವರ್ಷವೇ ಅವಳಿಗೂ ಕರೆ ಬಂತು. ಕರೆಸಿದವಳು ಅಲ್ಲೇ ಪಿಎಚ್.ಡಿ. ಮುಗಿಸುತ್ತಿದ್ದ ಅಕ್ಕ ಅನ್ನಪೂರ್ಣ. ತುಳಸಿ ಹಿಗ್ಗಿ ಹೀರೇಕಾಯಿಯಾದಳು.

ಹಂಪಿಯ ಬಾಳೆತೋಟದ ಹಿಂದಿನ ಮುರುಕು ಮಂಟಪದಲ್ಲಿ, ಮಟಮಟ ಮಧ್ಯಾಹ್ನ, ಬಳಗ ನಡೆಸುತ್ತಿದ್ದ ನಾಗಭೂಷಣ ಸರ್ ಒಂದು ಅಚ್ಚನ್ನು ಬಿಚ್ಚಿ ಹಾಸಿದರು. ಅನ್ನಪೂರ್ಣಳ ಪ್ರಬಂಧ ನಿಂತಿದ್ದೇ ಅದರ ಮೇಲೆ. ವಿಜಯನಗರ ಕಾಲದ ಹೆಂಗಸೊಬ್ಬಳು ಹೊಲ ದಾನ ಕೊಟ್ಟ ಶಾಸನ. ಕಲ್ಲು ಸಂಡೂರಿನ ಗುಡ್ಡದಲ್ಲಿತ್ತಂತೆ, ಆಮೇಲೆ ಗಣಿಯ ಪಾಲಾಯಿತಂತೆ. ಲಾರಿಯಲ್ಲಿ ಹೋದ ಕಲ್ಲನ್ನು ಯಾರು ಹುಡುಕಿಯಾರು!

ತುಳಸಿ ಓದತೊಡಗಿದಳು. ಹೊಲದ ಎಲ್ಲೆ ಹೇಳುವ ಸಾಲಿಗೆ ಬಂದವಳು ಅದನ್ನೇ ಮತ್ತೊಮ್ಮೆ ಓದಿದಳು. "ಮೂಡಲು ಕುಂಟೆತ್ತಿನ ಗುಂಡು" ಎಂದಿತ್ತು. ಆ ಬಂಡೆ ಇದ್ದದ್ದು ಮೆಟ್ರಿಯ ಅವಳ ಮನೆಯ ಹೊಲದಲ್ಲಿ. ತಾತನ ಎತ್ತು ಅಲ್ಲಿ ಕಾಲು ಮುರಿದುಕೊಂಡಾಗ ಆ ಹೆಸರಿಟ್ಟವರು ಈ ಅಕ್ಕತಂಗಿಯರೇ. ತುಳಸಿ ಉಳಿದದ್ದನ್ನು ಓದಿ ಮುಗಿಸಿದಳು.

ವಾಪಸು ಬಂದು ಹೊಸಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ಚಹಾ ಕುಡಿಯುವಾಗ ಅವಳು ಕೇಳಿಯೇಬಿಟ್ಟಳು. "ಅಕ್ಕಾ, ಅದು ನಮ್ಮ ಹೊಲ ಅಲ್ಲೇನು?"

"ಹೌದು," ಎಂದಳು ಅನ್ನಪೂರ್ಣ, ತಲೆ ಎತ್ತದೆ. "ಮಣ್ಣಿನ ಹಲಗಿ ಮ್ಯಾಲೆ ಅಕ್ಷರ ಕೆತ್ತಿ ಅಚ್ಚು ತಗದಾಕಿ ನಾನ. ಹೊಲದ ಎಲ್ಲೆ ಬರಿಯೋ ಹೊತ್ನಾಗ ಹೆಸರು ಹೊಳೀಲಿಲ್ಲ, ನಮ್ಮವನ್ನ ಹಾಕಿದೆ. ಸೋಮವಾರ ವೈವಾ ಐತಿ. ಕಲ್ಲು ಕಣ್ಣಾರೆ ನೋಡಿದವರು ಬೇಕಂತ ಪರೀಕ್ಷಕರು ಹಟ ಹಿಡದಾರ. ನೀ ಸಣ್ಣಾಕಿದ್ದಾಗ ಸಂಡೂರ ಕಡೆ ಚೋರನೂರಿನ ಅತ್ತಿ ಮನಿಗೆ ಹೋಗ್ತಿದ್ದಿ. ಆವಾಗ ಗುಡ್ಡದಾಗ ನೋಡೀನಿ ಅಂದ್ಬಿಡು."

"ಅನ್ನಲಿಲ್ಲಂದ್ರ?"

"ಇಷ್ಟು ವರ್ಷ ಓದಿದ್ದು ನೀರಾಗ ಹೋಮ ಮಾಡಿದಂಗ. ನನ್ನ ಹೊರಗ ಹಾಕ್ತಾರ. ಅಪ್ಪಗ ಏನಂತ ಮಾರಿ ತೋರ್ಸ್ಲಿ?"

ತುಳಸಿಗೆ ಸಿಟ್ಟು ನೆತ್ತಿಗೇರಿತು. ಆದರೆ ಹೊಲದ ಕೆಲಸ ತಾನೊಬ್ಬಳೇ ಮಾಡಿ ತಂಗಿಯನ್ನು ಶಾಲೆಗೆ ಅಟ್ಟುತ್ತಿದ್ದವಳು ಇದೇ ಅಕ್ಕ. ಅದು ನೆನಪಾಗಿ ಸಿಟ್ಟು ಇಳಿದುಹೋಯಿತು.

ಸೋಮವಾರ ವೈವಾದಲ್ಲಿ, ಹೇಳಿಕೆ ದಾಖಲಿಸುವ ಕ್ಯಾಮೆರಾದ ಮುಂದೆ ಕೂತು ತುಳಸಿ ಆ ಕಲ್ಲನ್ನು ನೋಡಿದ್ದೇನೆ ಎಂದಳು. ಅದರ ಮೇಲೆ ಕೂತು ಸೀತಾಫಲ ತಿಂದಿದ್ದೆ ಎಂದೂ ಸೇರಿಸಿದಳು. ಪರೀಕ್ಷಕರು ನಕ್ಕು ಸಹಿ ಹಾಕಿದರು. ನಾಗಭೂಷಣ ಸರ್ ಆ ವಿಡಿಯೋವನ್ನು ತಮ್ಮ ಫೋನಿಗೂ ತೆಗೆದುಕೊಂಡರು.

ಸಂಜೆ ಹಾಸ್ಟೆಲಿನಲ್ಲಿ ಅನ್ನಪೂರ್ಣ ಬಟ್ಟೆ ತುಂಬುತ್ತಿದ್ದಳು. ಕಂಪ್ಲಿಯ ಕಾಲೇಜೊಂದರಲ್ಲಿ ನೌಕರಿ ಆಗಲೇ ಗೊತ್ತಾಗಿತ್ತು.

"ಇಬ್ರೂ ಈ ಬಳಗ ಬಿಟ್ಟುಬಿಡೋಣಕ್ಕ," ಎಂದಳು ತುಳಸಿ.

"ನಾ ಬಿಟ್ಟೆ. ಸರ್ ಒಪ್ಪ್ಯಾರ."

"ಹೆಂಗ ಒಪ್ಪಿದ್ರು?"

ಅನ್ನಪೂರ್ಣ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಬಿಟ್ಟು ಹೋಗಾಕಿ ತನ್ನ ಬದಲಿ ಒಬ್ಬಾಕಿನ ಕೊಡಬೇಕು. ಬರೇ ಕೊಟ್ರ ಆಗಂಗಿಲ್ಲ, ಆಕಿ ಒಂದು ಸುಳ್ಳಿನಾಗ ಸಿಕ್ಕಿಬಿದ್ದಿರಬೇಕು. ಅದಕ್ಕ ನಿನ್ನ ಇಲ್ಲಿ ಓದಾಕ ಕರ್ಕೊಂಡು ಬಂದೆ."

ತುಳಸಿ ಮಂಚದ ಅಂಚಿಗೆ ಕೂತಳು. ಅಳು ಬರಲಿಲ್ಲ. ಅಕ್ಕನ ಮೇಲಿಟ್ಟಿದ್ದ ಪ್ರೀತಿಗೆ ನಾಚಿಕೆಯಾಯಿತು, ಅಷ್ಟೇ.

ಅನ್ನಪೂರ್ಣ ಬ್ಯಾಗಿನ ಜಿಪ್ಪು ಎಳೆದಳು. "ಮುಂದಿನ ಅಚ್ಚು ನಿನ್ನ ಕೈಲಿ ಮಾಡಸ್ತಾರ. ಹೆದರಬ್ಯಾಡ. ನೀನೂ ಒಬ್ಬಾಕಿನ ಹುಡುಕು. ನಿನ್ನ ಕಣ್ಣು ಮುಚ್ಚಿ ನಂಬಾಕಿ ಇರಬೇಕು ಅಷ್ಟ."

"ನನಗ ತಂಗಿ ಇಲ್ಲಲ್ಲಕ್ಕ," ಎಂದಳು ತುಳಸಿ.