ಮೇಷ್ಟ್ರು ಅಳಿಸಿದ ‘ಪಾದ’

ಬೀದಿಯವರೆಲ್ಲ ಅವಳನ್ನು ಬೂಟಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯ ಯಾವ ಬೂಟೂ ಒಗ್ಗದವರು ಅವಳ ಬಾಗಿಲಿಗೆ ಬರುತ್ತಿದ್ದರು. ಒಂದು ಕಾಲು ಗಿಡ್ಡ ಇದ್ದವರು, ಹುಟ್ಟುತ್ತಲೇ ಪಾದ ಒಳಕ್ಕೆ ತಿರುಗಿದವರು, ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವರು. ಅವರಿಗೆಲ್ಲ ಅವಳು ಅಳತೆ ಹಿಡಿದು ಬೂಟು ಹೊಲಿದುಕೊಡುತ್ತಿದ್ದಳು. ಗಂಡ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು, ಹಾಗಾಗಿ ಎಲ್ಲರಿಗೂ ಮೇಷ್ಟ್ರು. “ತಲೆ ನಂದು, ಕಾಲು ಅವಳದು, ನಡುವಿಂದೆಲ್ಲ ಡಾಕ್ಟರಿಗೆ ಬಿಟ್ಟಿದೀವಿ” ಎಂದು ಬಂದವರನ್ನು ನಗಿಸುತ್ತಿದ್ದರು.

ಈಚೆಗೆ ಆ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ. ಮೊದಲು ಹೆಸರುಗಳು ಕೈಕೊಟ್ಟವು, ಆಮೇಲೆ ಮನೆಗೆ ಬರುವ ದಾರಿ. ಇದು ಮರೆವಿನ ಕಾಯಿಲೆ, ಹೋದದ್ದು ಹೋದ ಹಾಗೆಯೇ ಎಂದು ಡಾಕ್ಟರು ಮೆತ್ತಗೆ ಹೇಳಿ ಕಳಿಸಿದ್ದರು.

ಅವತ್ತು ಬೆಳಿಗ್ಗೆ ಅವಳು ತೊಗಲು ಕೊಂಡು ಮನೆಗೆ ಬಂದಾಗ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತಿದ್ದರು. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಗೆಲುವಿತ್ತು.

“ನೋಡು, ಎಲ್ಲ ಚೊಕ್ಕ ಮಾಡಿದೀನಿ. ಏನೇನೋ ತುಂಬ್ಕೊಂಡಿತ್ತು, ಯಾರದೋ ಏನೋ.”

ಪರದೆ ಗುಡಿಸಿಟ್ಟ ಅಂಗಳದ ಹಾಗಿತ್ತು. ಸಾಲಾಗಿ ಕೂತಿದ್ದ ಆ್ಯಪ್‌ಗಳಲ್ಲಿ ಒಂದೂ ಇರಲಿಲ್ಲ. ಅವಳು ಕಸದ ಬುಟ್ಟಿಯ ಚಿತ್ರ ಒತ್ತಿ ನೋಡಿದಳು. ಅದೂ ಖಾಲಿ. ನಕಲು ಇಟ್ಟಿದ್ದ ಪುಟ್ಟ ಡಿಸ್ಕ್ ಪಕ್ಕದಲ್ಲೇ ಸಿಕ್ಕಿಸಿತ್ತು, ಅದನ್ನೂ ಬಿಟ್ಟಿರಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಮೇಷ್ಟ್ರದಲ್ಲ.

ಅವಳು ರೇಗಲಿಲ್ಲ. “ಒಳ್ಳೇದಾಯ್ತು ಬಿಡಿ, ಬನ್ನಿ ತಿಂಡಿಗೆ” ಎಂದಳು. ಹಿಂದೆಯೂ ಒಂದೆರಡು ಹೀಗೆ ಮಾಯವಾಗಿದ್ದವು, ಆ್ಯಪ್ ಸಿಗುವ ಕಡೆ ಹುಡುಕಿ ಅವಳೇ ಮತ್ತೆ ಹಾಕಿಕೊಂಡಿದ್ದಳು. ಈ ಸಲವೂ ಹಾಗೇ ಪಟ್ಟಾಗಿ ಕೂತಳು. ಪತ್ರ ಬರೆಯುವುದು, ಫೋಟೋ ನೋಡುವುದು, ಮಗಳ ಜೊತೆ ಮುಖ ನೋಡಿ ಮಾತಾಡುವುದು, ಮೇಷ್ಟ್ರು ಕೇಳುತ್ತಿದ್ದ ಹಾಡಿನ ಆ್ಯಪು, ಒಂದೊಂದೇ ಇಳಿಸಿಕೊಂಡು ಜಾಗದಲ್ಲಿ ಕೂರಿಸಿದಳು. ಸಂಜೆಯ ಹೊತ್ತಿಗೆ ಪರದೆ ಮೊದಲಿನಂತೆಯೇ ತುಂಬಿತು. ಒಂದು ಮಾತ್ರ ಯಾವ ಮೂಲೆಯಲ್ಲೂ ಸಿಗಲಿಲ್ಲ. ಅದು ‘ಪಾದ’.

ಎಲ್ಲೋ ಸಿಗುವ ವಸ್ತುವಲ್ಲ ಅದು. ಮೇಷ್ಟ್ರೇ ಅವಳಿಗಾಗಿ ಬರೆದದ್ದು. ಕಾಲಿನ ಅಳತೆಗಳನ್ನು ಹಾಕಿದರೆ ಬೂಟಿನ ಮರದಚ್ಚನ್ನು ಹೇಗೆ ಕೆತ್ತಬೇಕೆಂದು ನಕ್ಷೆ ತೆಗೆದುಕೊಡುತ್ತಿತ್ತು. ಸಂಜೆ ಹೊತ್ತಿಗೆ ಕಾಲು ಊದಿಕೊಂಡು ಬೂಟು ಬಿಗಿಯಾಗುತ್ತದೆ ಎಂದು ಗಿರಾಕಿಗಳು ಗೊಣಗಿದ್ದಕ್ಕೆ, ಒಂದು ಚಳಿಗಾಲವಿಡೀ ಮೇಷ್ಟ್ರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೆಂಡತಿಯ ಮುಂದೆ ಮಂಡಿಯೂರಿ, ಅವಳ ಪಾದಕ್ಕೆ ಟೇಪು ಸುತ್ತಿ ಅಳೆದಿದ್ದರು. “ಮದುವೆ ದಿನವೂ ನನ್ನ ಕಾಲು ಇಷ್ಟು ನೋಡಿರ್ಲಿಲ್ಲ ನೀವು” ಎಂದು ಅವಳು ಛೇಡಿಸುತ್ತಿದ್ದಳು. ಆ ಲೆಕ್ಕವನ್ನೆಲ್ಲ ಅವರು ‘ಪಾದ’ದೊಳಗೆ ಸೇರಿಸಿದ್ದರು.

ಮರುದಿನ ಅವಳು ಮೇಷ್ಟ್ರ ಶಿಷ್ಯೆಗೆ ಫೋನ್ ಮಾಡಿದಳು. ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಆಕೆ ಕೈಚೀಲ ಹಿಡಿದು ಕೂಡಲೇ ಬಂದಳು.

“ಅಳಿಸಿದ್ದು ಒಂದೇ ಸಲಕ್ಕೆ ಹೋಗಲ್ಲ, ಅಮ್ಮ. ಹೆಸರು ಮಾತ್ರ ಹೋಗುತ್ತೆ, ಸರಕು ಡಿಸ್ಕಲ್ಲೇ ಬಿದ್ದಿರುತ್ತೆ. ಅದರ ಮೇಲೆ ಹೊಸದು ಕೂತ್ಕೊಳ್ದೇ ಇದ್ರೆ ಸಾಕು, ತೆಗೀಬಹುದು. ಆಮೇಲೆ ಯಾರೂ ಇದನ್ನ ಮುಟ್ಟಿಲ್ಲ ತಾನೆ?”

ಬೂಟಮ್ಮ ಪರದೆಯ ಕಡೆ ನೋಡಿದಳು. “ಮಿಕ್ಕಿದ್ದೆಲ್ಲ ನಾನೇ ಮತ್ತೆ ಹಾಕಿದೆ. ದಿನವೆಲ್ಲ ಅದೇ ಕೆಲಸ.”

ಶಿಷ್ಯೆ ಕಂಪ್ಯೂಟರ್ ಆರಿಸಿ, ತಿರುಪು ಬಿಚ್ಚಿ, ಎರಡೂ ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಹೊಸ್ತಿಲಲ್ಲಿ ತಿರುಗಿ, “ನಿಮಗೆ ಗೊತ್ತಿರ್ಲಿಲ್ಲವಲ್ಲ” ಎಂದಳು. ಆ ಸಮಾಧಾನದ ಮಾತೇ ಬೂಟಮ್ಮನಿಗೆ ಚುಚ್ಚಿತು. ಯಾವಾಗ ಬೇಕಾದರೂ ಸಿಗುವಂಥವನ್ನು ತರುವ ಆತುರದಲ್ಲಿ, ಎಲ್ಲೂ ಸಿಗದ್ದನ್ನು ತಾನೇ ಕೈಯಾರೆ ತುಳಿದುಹಾಕಿದ್ದಳು. ಗಂಡ ಬರೀ ಅಳಿಸಿದ್ದರು, ಹೂತವಳು ತಾನು.

ವಾರ ಕಳೆದು ಶಿಷ್ಯೆ ಬಂದಳು. ಮುಖ ನೋಡಿಯೇ ಬೂಟಮ್ಮನಿಗೆ ತಿಳಿಯಿತು. ನಕಲಿನ ಡಿಸ್ಕನ್ನು ಮೇಷ್ಟ್ರು ಬುಡಸಮೇತ ಒರೆಸಿದ್ದರು. ಇನ್ನೊಂದರಲ್ಲಿ ‘ಪಾದ’ದ ಚೂರುಗಳು ಸಿಕ್ಕಿದ್ದವು, ಆದರೆ ಜೋಡಿಸಿದರೆ ತೆರೆಯುತ್ತಿರಲಿಲ್ಲ. ಮೇಷ್ಟ್ರು ಹಿಂದೆ ಯಾವಾಗಲೋ ಪಾಠಕ್ಕೆಂದು ಕೊಟ್ಟಿದ್ದ ಹಳೆಯ ಪ್ರತಿಯೊಂದು ಶಿಷ್ಯೆಯ ಬಳಿಯೇ ಇತ್ತು. ಅದನ್ನು ಹಾಕಿ ತೋರಿಸಿದಳು.

ತೆರೆಯಿತು. ಬೂಟಮ್ಮ ಅಳತೆ ಒತ್ತಿದಳು, ನಕ್ಷೆ ಬಂತು. ಸಂಜೆಯ ಊತದ ಲೆಕ್ಕ ಮಾತ್ರ ಅದರಲ್ಲಿ ಇರಲಿಲ್ಲ. ಆ ಚಳಿಗಾಲಕ್ಕಿಂತ ಮೊದಲಿನ ಪ್ರತಿ ಅದು.

“ಇದೊಂದನ್ನ ಮೇಷ್ಟ್ರೇ ಸೇರಿಸೋಕಾದ್ರೆ...” ಎಂದು ಶಿಷ್ಯೆ ತಡವರಿಸಿದಳು.

ಮೇಷ್ಟ್ರನ್ನು ಕರೆದು ಕೂರಿಸಿದರು. ಅವರೇ ‘ಪಾದ’ಕ್ಕೆ ಬರೆದ ಸಾಲುಗಳನ್ನು ಶಿಷ್ಯೆ ತೆರೆದಿಟ್ಟಳು. ಮೇಷ್ಟ್ರು ಕನ್ನಡಕ ಏರಿಸಿ, ಬೆರಳು ಆಡಿಸುತ್ತಾ ತುಂಬ ಹೊತ್ತು ಓದಿದರು.

“ಬರೆದೋನು ತಿಳಿದೋನು” ಎಂದರು ಕೊನೆಗೆ. “ಎಲ್ಲೂ ಒಂದು ಮಾತು ಹೆಚ್ಚಿಲ್ಲ. ಯಾರು?”

“ನಮ್ಮೋರೇ ಒಬ್ರು” ಎಂದಳು ಬೂಟಮ್ಮ.

“ಈಗ ಇಲ್ವಾ?”

ಶಿಷ್ಯೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮೇಷ್ಟ್ರು ಇಬ್ಬರನ್ನೂ ನೋಡಿ, ಕೇಳಬಾರದ್ದನ್ನು ಕೇಳಿಬಿಟ್ಟವರಂತೆ, “ಪಾಪ” ಎಂದು ಎದ್ದುಹೋದರು.

ಹೊರಡುವ ಮುಂಚೆ ಶಿಷ್ಯೆ ಇನ್ನೊಂದು ಮಾತು ಎತ್ತಿದಳು. “ಹೀಗೇ ಬಿಟ್ರೆ ಇದೂ ಉಳಿಯಲ್ಲ, ಅಮ್ಮ. ಕಂಪ್ಯೂಟರು ನಿಮ್ಮ ಹೆಸರಲ್ಲಿರಲಿ. ಮೇಷ್ಟ್ರಿಗೆ ಬೇರೆ ಖಾತೆ, ಬೇರೆ ಬಾಗಿಲು ಮಾಡಿಡ್ತೀನಿ. ಹಾಡು ಕೇಳಬಹುದು, ಫೋಟೋ ನೋಡಬಹುದು, ಏನನ್ನೂ ಅಳಿಸೋಕಾಗಲ್ಲ.”

“ಕಂಪ್ಯೂಟರು ಅವರದು” ಎಂದಳು ಬೂಟಮ್ಮ. ಆಮೇಲೆ ಕೀಲಿಮಣೆಯನ್ನು ಶಿಷ್ಯೆಯ ಕಡೆ ಸರಿಸಿ, “ಮಾಡಿಡು” ಎಂದಳು.

ಶಿಷ್ಯೆ ಅದನ್ನು ಮಾಡಿಟ್ಟು ಹೋದ ಮೇಲೆ ಅವಳು ಕೆಲಸದ ಮೇಜಿನಲ್ಲಿ ಒಂದು ಅಚ್ಚು ಹಿಡಿದು ಕೂತಳು. ಹಳೆಯ ‘ಪಾದ’ ಕೊಟ್ಟ ನಕ್ಷೆಗೆ ಊತದ ಅಂದಾಜನ್ನು ಈಗ ಕೈಯಿಂದಲೇ ಕೂಡಿಸಬೇಕು. ಎಷ್ಟು ಕೂಡಿಸಬೇಕೆಂಬುದು ಅವಳಿಗೆ ನೆನಪಾಗಲಿಲ್ಲ. ಹಿಮ್ಮಡಿಯ ಮೇಲೆ ಟೇಪು ಬಿಗಿಯುತ್ತಿದ್ದ ತಣ್ಣನೆಯ ಬೆರಳುಗಳಷ್ಟೇ ನೆನಪಾದವು. ಉಳಿ ಕೆಳಗಿಟ್ಟು, ಚಪ್ಪಲಿ ಕಳಚಿ, ಟೇಪನ್ನು ತನ್ನ ಪಾದಕ್ಕೆ ತಾನೇ ಸುತ್ತಲು ಬಗ್ಗಿದಳು. ಸೊಂಟ ಹಿಡಿದುಕೊಂಡಿತು. ಮತ್ತೆ ಬಗ್ಗಿ, ಅಳತೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.

ಒಳಗಿನಿಂದ ಮೇಷ್ಟ್ರ ದನಿ ಬಂತು. “ಇಲ್ಲಿ ಅತಿಥಿ ಅಂತ ತೋರಿಸ್ತಿದೆ. ಯಾರು ಬಂದಿರೋದು?”

ಅವಳು ಬಾಗಿಲಿಗೆ ಬಂದಳು. ಪರದೆಯ ನಡುವೆ, ಶಿಷ್ಯೆ ಅವರಿಗೆಂದು ಮಾಡಿಟ್ಟ ಬಾಗಿಲಿನ ಮೇಲೆ, ಆ ಹೆಸರಿತ್ತು.

“ಯಾರಿಲ್ಲ. ಅದನ್ನ ಒತ್ತಿ, ತೆರೆಯುತ್ತೆ.”

“ಛೆ, ಅತಿಥಿಗೆ ಇಟ್ಟಿದ್ದನ್ನ ನಾವು ಮುಟ್ಟಬಾರದು” ಎಂದು ಮೇಷ್ಟ್ರು ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಅಂಗೈಯಿಂದ ಒರೆಸಿ, ಮೇಜಿಗೆ ನೇರವಾಗಿಟ್ಟು, ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತರು.

ಅವಳು ಹೋಗಿ ಆ ಕುರ್ಚಿಯಲ್ಲಿ ಕೂತು ಅವರಿಗಾಗಿ ಹಾಡು ಹಾಕಿದಳು.